ಹದಿನೇಳರ ಮರುದಿನ



ಪ್ರತಿವರ್ಷ ಸೆಪ್ಟೆಂಬರ್ 17ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಲ್ಲಿ ರಾಷ್ಟ್ರಧ್ವಜ ಏರುತ್ತದೆ. ನಾಡಿನ ಬಹುಭಾಗಕ್ಕೆ 1947ರ ಆಗಸ್ಟ್ 15ರಂದೇ ದೊರೆತ ಸ್ವಾತಂತ್ರ್ಯವು ನಿಜಾಮನ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಈ ತಾಲ್ಲೂಕುಗಳಿಗೆ ಹದಿಮೂರು ತಿಂಗಳು ತಡವಾಗಿ ಬಂದಿತು. ಆ ಕಥೆಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಕೇಳುತ್ತಾರೆ. ಭಾಷಣಗಳಲ್ಲಿ ನಾವೂ ಕೇಳುತ್ತೇವೆ. ಆದರೆ ಅದರ ಮರುದಿನ, ಅಂದರೆ 1948ರ ಸೆಪ್ಟೆಂಬರ್ 18ರಂದು, ಈ ಊರುಗಳಲ್ಲಿ ಬೆಳಗಾದಾಗ ಜನರ ಮುಂದೆ ಯಾವ ಪ್ರಶ್ನೆಗಳಿದ್ದವು ಎಂಬುದನ್ನು ಎಂದಾದರೂ ಯೋಚಿಸಿದ್ದೀರಾ? ಸುಟ್ಟ ಮನೆಯನ್ನು ಕಟ್ಟಿಕೊಡುವವರು ಯಾರು? ಕಳೆದುಹೋದ ಹೊಲವನ್ನು ಮರಳಿಸುವವರು ಯಾರು? ಹಿಂಸೆ ಮಾಡಿದವನನ್ನು ಕ್ಷಮಿಸುವ ಅಧಿಕಾರ ಯಾರದು? ಕದನ ಐದೇ ದಿನಗಳಲ್ಲಿ ಮುಗಿದಿತ್ತು. ಈ ಪ್ರಶ್ನೆಗಳು ಅಷ್ಟು ಬೇಗ ಮುಗಿಯುವಂಥವಾಗಿರಲಿಲ್ಲ.

ಆ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳೋಣ. ಬ್ರಿಟಿಷರು ತೆರಳಿದಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತದ ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. 1947ರ ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದವೊಂದಕ್ಕೆ ಸಹಿ ಬಿದ್ದಿತಾದರೂ ಸಂಸ್ಥಾನದೊಳಗೆ ಕಾಸಿಂ ರಜ್ವಿಯ ರಜಾಕಾರರ ಹಾವಳಿ ಬೆಳೆಯುತ್ತಲೇ ಹೋಯಿತು. ಅನೇಕ ಕುಟುಂಬಗಳು ಗಡಿ ದಾಟಿ ಮುಂಬಯಿ ಪ್ರಾಂತದ ಊರುಗಳಲ್ಲಿ ಆಶ್ರಯ ಪಡೆದವು. ಕೊಪ್ಪಳ ಸೀಮೆಯ ಹೋರಾಟಗಾರರು ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳ ನೇತೃತ್ವದಲ್ಲಿ ಶಿಬಿರ ಕಟ್ಟಿದರು. ಗಜೇಂದ್ರಗಡದಲ್ಲೂ ಅಂಥದೊಂದು ಶಿಬಿರವಿತ್ತು. ಕೊನೆಗೆ 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು; 17ರಂದು ನಿಜಾಮ ಶರಣಾದ.

ಅಲ್ಲಿಗೆ ನೋವು ನಿಲ್ಲಲಿಲ್ಲ. ರಜಾಕಾರರ ದೌರ್ಜನ್ಯಕ್ಕೆ ಪ್ರತಿಯಾಗಿ ಸಂಸ್ಥಾನದ ಹಲವೆಡೆ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದವು. ಪರಿಸ್ಥಿತಿಯನ್ನು ತಿಳಿದು ಬರಲು ಪ್ರಧಾನಿ ನೆಹರೂ ಅವರು ಪಂಡಿತ್ ಸುಂದರಲಾಲ್ ನೇತೃತ್ವದ ತಂಡವೊಂದನ್ನು ಕಳುಹಿಸಿದರು. ಸತ್ತವರ ಸಂಖ್ಯೆ ಕನಿಷ್ಠವೆಂದರೂ 27 ಸಾವಿರದಿಂದ 40 ಸಾವಿರದಷ್ಟಿರಬಹುದು ಎಂದು ಆ ತಂಡ ಅಂದಾಜು ಮಾಡಿತು. ಹೆಚ್ಚು ಹಾನಿಗೊಳಗಾದ ಜಿಲ್ಲೆಗಳ ಸಾಲಿನಲ್ಲಿ ನಮ್ಮ ಕಲಬುರಗಿ, ಬೀದರ್‌ಗಳ ಹೆಸರೂ ಇತ್ತು. ಜೀವದ ಹಂಗು ತೊರೆದು ನೆರೆಹೊರೆಯವರನ್ನು ಕಾಪಾಡಿದ ಹಿಂದೂಗಳನ್ನೂ ತಂಡ ಮರೆಯದೆ ದಾಖಲಿಸಿತು. ಆದರೆ ಆ ವರದಿ ದಶಕಗಳ ಕಾಲ ಪ್ರಕಟವಾಗಲೇ ಇಲ್ಲ. ಹೀಗೆ ಒಂದೇ ಊರಿನ ಎರಡು ಕೇರಿಗಳಲ್ಲಿ ಎರಡು ಬಗೆಯ ದುಃಖ ಉಳಿದುಕೊಂಡಿತು. ಒಂದಕ್ಕೆ ಭಾಷಣಗಳಲ್ಲಿ ಸ್ಥಾನ ಸಿಕ್ಕಿತು, ಮತ್ತೊಂದು ಕಡತದಲ್ಲಿ ಮುಚ್ಚಿಹೋಯಿತು.

ಒಳಜಗಳದಿಂದ ಮುರಿದ ನಾಡನ್ನು ಮತ್ತೆ ಕಟ್ಟುವಾಗ ಏಳುವ ಈ ಪ್ರಶ್ನೆಗಳನ್ನು ನಮಗಿಂತ 83 ವರ್ಷ ಮೊದಲೇ ಇನ್ನೊಂದು ದೇಶ ಎದುರಿಸಿತ್ತು. ಅಲ್ಲಿ ಅವು ಕಡತದಲ್ಲಿ ಅಡಗಲಿಲ್ಲ. ದೇಶದ ಅಧ್ಯಕ್ಷನಿಗೂ ಶಾಸಕರಿಗೂ ನಡುವೆ ಬಹಿರಂಗ ಸಂಘರ್ಷವಾಗಿ, ಅಧ್ಯಕ್ಷನ ಪದವಿಗೇ ಸಂಚಕಾರ ತಂದವು. ಆ ದೇಶ ಅಮೆರಿಕ. ಅದು ನಮಗೆ ತೀರ ಅಪರಿಚಿತವಾದ ಕಥೆಯೂ ಅಲ್ಲ: ನಮ್ಮ ದಖ್ಖನಿನವರೇ ಆದ ಜೋತಿಬಾ ಫುಲೆಯವರು 1873ರಲ್ಲಿ ತಮ್ಮ ‘ಗುಲಾಮಗಿರಿ’ ಪುಸ್ತಕವನ್ನು ಅರ್ಪಿಸಿದ್ದು ಗುಲಾಮರ ಬಿಡುಗಡೆಗಾಗಿ ತ್ಯಾಗ ಮಾಡಿದ ಅಮೆರಿಕದ ಜನರಿಗೆ. ಆ ಕಥೆಯನ್ನು ಒಮ್ಮೆ ಕೇಳಿ, ಮತ್ತೆ ನಮ್ಮ ಊರಿಗೆ ಮರಳೋಣ.

ಗುಲಾಮಗಿರಿಯನ್ನು ಉಳಿಸಿಕೊಳ್ಳಬೇಕೆಂದು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ರಾಜ್ಯಗಳಿಗೂ ಉತ್ತರದ ರಾಜ್ಯಗಳಿಗೂ ನಾಲ್ಕು ವರ್ಷ ನಡೆದ ಯುದ್ಧದಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. 1865ರ ಏಪ್ರಿಲ್ 9ರಂದು ದಕ್ಷಿಣದ ಮುಖ್ಯ ಸೇನೆ ಶರಣಾಯಿತು. ಇನ್ನು ಆರನೆಯ ದಿನಕ್ಕೆ ಅಧ್ಯಕ್ಷ ಅಬ್ರಹಾಂ ಲಿಂಕನ್ ಹಂತಕನ ಗುಂಡಿಗೆ ಬಲಿಯಾದರು. ಸುಮಾರು 40 ಲಕ್ಷ ಗುಲಾಮರು ಬಿಡುಗಡೆ ಹೊಂದಿದ್ದ ಆ ಹೊತ್ತಿನಲ್ಲಿ ಅಧ್ಯಕ್ಷ ಪದವಿಗೆ ಬಂದವರು ಉಪಾಧ್ಯಕ್ಷರಾಗಿದ್ದ ಆಂಡ್ರೂ ಜಾನ್ಸನ್.

ಜಾನ್ಸನ್ ಬಡತನದಲ್ಲಿ ಹುಟ್ಟಿ ದರ್ಜಿಯ ಕೆಲಸ ಮಾಡಿ ಮೇಲೆ ಬಂದವರು. ದಕ್ಷಿಣದವರಾಗಿದ್ದರೂ ಒಕ್ಕೂಟವನ್ನು ಬಿಡದೆ ನಿಂತ ಧೈರ್ಯವಂತರು. ದೊಡ್ಡ ಜಮೀನುದಾರರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಂಡಾಯದ ರಾಜ್ಯಗಳು ಕಾನೂನಿನ ದೃಷ್ಟಿಯಲ್ಲಿ ಒಕ್ಕೂಟವನ್ನು ಬಿಟ್ಟೇ ಇರಲಿಲ್ಲ, ಆದ್ದರಿಂದ ಅವು ಬೇಗನೆ ತಮ್ಮ ಸ್ಥಾನಕ್ಕೆ ಮರಳಬೇಕು, ಕ್ಷಮಾದಾನ ನೀಡುವ ಅಧಿಕಾರ ಅಧ್ಯಕ್ಷನದು ಎಂಬುದು ಅವರ ನಿಲುವಾಗಿತ್ತು. 1865ರ ಮೇ 29ರಂದು ಅವರು ಕ್ಷಮಾದಾನದ ಘೋಷಣೆ ಹೊರಡಿಸಿದರು. ನಿಷ್ಠೆಯ ಪ್ರಮಾಣ ಮಾಡಿದ ಸಾಮಾನ್ಯರಿಗೆ ಗುಲಾಮರನ್ನುಳಿದು ಮಿಕ್ಕ ಆಸ್ತಿಯೆಲ್ಲ ಮರಳಿ ಸಿಗುತ್ತಿತ್ತು; 20 ಸಾವಿರ ಡಾಲರಿಗಿಂತ ಹೆಚ್ಚಿನ ಆಸ್ತಿಯುಳ್ಳವರು ಅಧ್ಯಕ್ಷರಿಗೆ ಪ್ರತ್ಯೇಕವಾಗಿ ಅರ್ಜಿ ಸಲ್ಲಿಸಬೇಕಿತ್ತು. ಒಂದು ಕಾಲಕ್ಕೆ ದರ್ಜಿಯಾಗಿದ್ದವನ ಬಾಗಿಲಿಗೆ ಜಮೀನುದಾರರು ಅರ್ಜಿ ಹಿಡಿದು ಬಂದರು. ಸಾವಿರಾರು ಅರ್ಜಿಗಳಿಗೆ ಒಪ್ಪಿಗೆ ಸಿಕ್ಕಿತು.

ಈ ಔದಾರ್ಯದ ಬೆಲೆಯನ್ನು ತೆತ್ತವರು ಬೇರೆಯೇ ಜನ. ಯುದ್ಧದ ಕೊನೆಯ ತಿಂಗಳುಗಳಲ್ಲಿ ದಳಪತಿ ಶೆರ್ಮನ್ ಅವರ ಆದೇಶದಂತೆ ಸಮುದ್ರತೀರದ ನಾಲ್ಕು ಲಕ್ಷ ಎಕರೆಯಷ್ಟು ಭೂಮಿಯನ್ನು ಕುಟುಂಬವೊಂದಕ್ಕೆ 40 ಎಕರೆ ಮೀರದಂತೆ ಬಿಡುಗಡೆಯಾದ ಗುಲಾಮರಿಗೆ ಹಂಚಲಾಗಿತ್ತು. ಸುಮಾರು 40 ಸಾವಿರ ಜನ ಅಲ್ಲಿ ಉತ್ತು ಬಿತ್ತಿ ನೆಲೆ ನಿಂತಿದ್ದರು. ಕ್ಷಮೆ ಪಡೆದ ಹಳೆಯ ಒಡೆಯರು ಈಗ ಆ ಭೂಮಿಯನ್ನು ಮರಳಿ ಕೇಳಿದರು, ಅಧ್ಯಕ್ಷರು ಕೊಡಿಸಿದರು.

ಆ ಸುದ್ದಿಯನ್ನು ಜನರಿಗೆ ತಿಳಿಸುವ ಕಷ್ಟದ ಕೆಲಸ ದಳಪತಿ ಆಲಿವರ್ ಹೋವರ್ಡ್ ಅವರ ಪಾಲಿಗೆ ಬಂದಿತು. ಯುದ್ಧದಲ್ಲಿ ಬಲಗೈಯನ್ನು ಕಳೆದುಕೊಂಡಿದ್ದ ಅವರು ದೈವಭಕ್ತರೆಂದು ಹೆಸರಾಗಿದ್ದವರು. 1865ರ ಅಕ್ಟೋಬರಿನಲ್ಲಿ ಅವರು ದಕ್ಷಿಣ ಕೆರೊಲಿನಾದ ಎಡಿಸ್ಟೊ ದ್ವೀಪಕ್ಕೆ ಹೋದಾಗ ಅಲ್ಲಿನ ದೇವಾಲಯ ಜನರಿಂದ ಕಿಕ್ಕಿರಿದಿತ್ತು. ಭೂಮಿಯನ್ನು ಬಿಟ್ಟುಕೊಡಬೇಕೆಂಬ ಮಾತು ಕೇಳಿ ಗದ್ದಲವೆದ್ದಿತು. ಆಗ ಮುದುಕಿಯೊಬ್ಬಳು ದುಃಖದ ಭಕ್ತಿಗೀತೆಯೊಂದನ್ನು ಹಾಡತೊಡಗಿದಳು. ಇಡೀ ಸಭೆ ದನಿಗೂಡಿಸಿತು. ಹೋವರ್ಡ್ ಅವರ ಕಣ್ಣು ತುಂಬಿ ಬಂದಿತು. ಹಳೆಯ ಒಡೆಯರನ್ನು ಕ್ಷಮಿಸಿರೆಂದು ಅವರು ಜನರನ್ನು ಬೇಡಿಕೊಂಡರು. ಅದಕ್ಕೆ ದ್ವೀಪದ ಜನ ಪತ್ರದ ಮೂಲಕ ಕೊಟ್ಟ ಉತ್ತರ ಇಂದಿಗೂ ಉಳಿದಿದೆ. ನನ್ನನ್ನು ಮರಕ್ಕೆ ಕಟ್ಟಿ ಹೊಡೆದವನು, ನನ್ನ ತಾಯಿಯನ್ನೂ ಅಕ್ಕತಂಗಿಯರನ್ನೂ ಹಿಂಸಿಸಿದವನು, ಈಗಲೂ ತನ್ನ ಷರತ್ತಿಗೆ ಮಣಿಯದೆ ಖಾಲಿ ಗುಡಿಸಲಲ್ಲಿ ಇರಲೂ ಬಿಡದವನು, ಇತರರೊಡನೆ ಸೇರಿ ನನಗೆ ಭೂಮಿ ಸಿಗದಂತೆ ಮಾಡುತ್ತಿರುವವನು, ಅಂಥವನನ್ನು ಹೇಗೆ ಕ್ಷಮಿಸಲಿ ಎಂಬುದು ಆ ಉತ್ತರದ ಸಾರ.

ಓದುಗರೇ, ಈ ಮಾತನ್ನು ನಾವು ಅವಸರದಲ್ಲಿ ದಾಟಿಹೋಗಬಾರದು. ಕ್ಷಮೆ ದೊಡ್ಡದೆಂದು ನಾವೆಲ್ಲರೂ ನಂಬಿದವರು. ಆದರೆ ಪೆಟ್ಟು ತಿಂದವನ ಪರವಾಗಿ, ಅವನನ್ನು ಕೇಳದೆ, ಅವನ ಹೊಲವನ್ನೇ ಕೊಟ್ಟು, ಮೂರನೆಯವನು ನೀಡುವ ಕ್ಷಮೆಯನ್ನು ಏನೆಂದು ಕರೆಯಬೇಕು?

ಅಮೆರಿಕದ ಸಂಸತ್ತಿನಲ್ಲಿ ಎದ್ದದ್ದೂ ಇದೇ ಪ್ರಶ್ನೆ. 1865ರ ಡಿಸೆಂಬರಿನಲ್ಲಿ ಅಧಿವೇಶನ ಸೇರಿದಾಗ, ಮೊನ್ನೆಮೊನ್ನೆಯವರೆಗೆ ಬಂಡಾಯದ ಮುಂದಾಳುಗಳಾಗಿದ್ದವರೇ ದಕ್ಷಿಣದಿಂದ ಆಯ್ಕೆಯಾಗಿ ಬಂದಿದ್ದರು. ಸಂಸತ್ತು ಅವರನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಅತ್ತ ದಕ್ಷಿಣದ ರಾಜ್ಯಗಳು ಕೂಲಿಯ ಕರಾರಿಲ್ಲದ ಕರಿಯರನ್ನು ಅಲೆಮಾರಿಗಳೆಂದು ಹಿಡಿದು ದುಡಿಸಿಕೊಳ್ಳುವಂಥ ಕಾಯ್ದೆಗಳನ್ನು ತಂದಿದ್ದವು. ಬಿಡುಗಡೆಯಾದವರಿಗೆ ಪೌರತ್ವವನ್ನೂ ಕಾನೂನಿನ ರಕ್ಷಣೆಯನ್ನೂ ಕೊಡುವ ಮಸೂದೆಯನ್ನು ಸಂಸತ್ತು ಅಂಗೀಕರಿಸಿದರೆ ಜಾನ್ಸನ್ ವೀಟೋ ಪ್ರಯೋಗಿಸಿ ತಡೆದರು. 1866ರ ಏಪ್ರಿಲ್ 9ರಂದು, ಯುದ್ಧ ಮುಗಿದು ಸರಿಯಾಗಿ ಒಂದು ವರ್ಷಕ್ಕೆ, ಸಂಸತ್ತು ಮೂರನೆಯ ಎರಡರಷ್ಟು ಬಹುಮತದಿಂದ ಆ ವೀಟೋವನ್ನು ತಳ್ಳಿಹಾಕಿತು. ಅದೇ ವರ್ಷ ಮೆಂಫಿಸ್, ನ್ಯೂ ಆರ್ಲಿಯನ್ಸ್ ನಗರಗಳಲ್ಲಿ ಕರಿಯರ ಹತ್ಯಾಕಾಂಡಗಳು ನಡೆದವು. ಜಾನ್ಸನ್ ಊರೂರು ಸುತ್ತಿ ಶಾಸಕರನ್ನು ನಿಂದಿಸಿದರು; ಮತದಾರರು ಅವರ ವಿರೋಧಿಗಳನ್ನೇ ಇನ್ನೂ ಹೆಚ್ಚಿನ ಸಂಖ್ಯೆಯಲ್ಲಿ ಆರಿಸಿ ಕಳುಹಿಸಿದರು. 1867ರ ಮಾರ್ಚ್‌ನಲ್ಲಿ ಮತ್ತೊಂದು ವೀಟೋವನ್ನು ಮೀರಿ, ದಕ್ಷಿಣದ ಹತ್ತು ರಾಜ್ಯಗಳನ್ನು ಐದು ಸೇನಾ ವಲಯಗಳನ್ನಾಗಿ ವಿಂಗಡಿಸಿ, ಕರಿಯ ಪುರುಷರಿಗೂ ಮತದಾನದ ಹಕ್ಕಿರುವ ಹೊಸ ಸರ್ಕಾರಗಳನ್ನು ರಚಿಸುವ ಕಾಯ್ದೆ ಜಾರಿಗೆ ಬಂದಿತು.

ಶಾಸಕರ ಕಡೆ ಎಲ್ಲವೂ ಸರಿಯಿತ್ತೆಂದು ಹೇಳಲಾಗದು. ಅವರಲ್ಲೂ ಪಕ್ಷದ ಲೆಕ್ಕಾಚಾರವಿತ್ತು. ತಾವು ಒಪ್ಪಿದ ಅಧಿಕಾರಿಗಳನ್ನು ಅಧ್ಯಕ್ಷ ತಮ್ಮ ಅನುಮತಿಯಿಲ್ಲದೆ ತೆಗೆಯಕೂಡದೆಂಬ ಕಾಯ್ದೆಯನ್ನು ಅವರು ಮಾಡಿದರು; ಅಂಥ ಕಾಯ್ದೆ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು 1926ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವೇ ಹೇಳಿತು. ಜಾನ್ಸನ್ ಆ ಕಾಯ್ದೆಯನ್ನು ಮೀರಿ ಯುದ್ಧಮಂತ್ರಿ ಸ್ಟಾಂಟನ್ ಅವರನ್ನು ತೆಗೆದುಹಾಕಿದಾಗ, 1868ರ ಫೆಬ್ರವರಿ 24ರಂದು ಕೆಳಮನೆ 126 ಮತಗಳಿಗೆ 47ರಂತೆ ಅಧ್ಯಕ್ಷರ ಮೇಲೆ ಮಹಾಭಿಯೋಗ ಹೊರಿಸಿತು. ಮೇಲ್ಮನೆಯ ವಿಚಾರಣೆಯಲ್ಲಿ 35 ಜನ ಅವರು ದೋಷಿಯೆಂದರು, 19 ಜನ ಅಲ್ಲವೆಂದರು. ಪದಚ್ಯುತಿಗೆ 36 ಮತ ಬೇಕಾಗಿತ್ತು. ಒಂದೇ ಒಂದು ಮತದಿಂದ ಜಾನ್ಸನ್ ಉಳಿದುಕೊಂಡರು.

ಯಾರು ಗೆದ್ದರು? ಜಾನ್ಸನ್ ಪದವಿಯಲ್ಲಿ ಉಳಿದರು; ಶಾಸಕರು ಸಂವಿಧಾನದ 14ನೆಯ ಮತ್ತು 15ನೆಯ ತಿದ್ದುಪಡಿಗಳನ್ನು ತಂದರು. 1870ರಲ್ಲಿ ಹೈರಮ್ ರೆವೆಲ್ಸ್ ಎಂಬ ಕರಿಯ ಧರ್ಮಬೋಧಕರು ಮಿಸಿಸಿಪಿಯಿಂದ ಮೇಲ್ಮನೆಯ ಸದಸ್ಯರಾದರು. ಆದರೆ 1877ರಲ್ಲಿ ಸೇನೆ ಹಿಂದೆ ಸರಿಯಿತು. ಕಾವಲಿಲ್ಲದ ಕಾನೂನು ಕಾಗದದಲ್ಲಿ ಉಳಿಯಿತು. ಮತದಾನದ ಹಕ್ಕು ಒಂದೊಂದೇ ರಾಜ್ಯದಲ್ಲಿ ಕಸಿದುಹೋಯಿತು. ಅದನ್ನು ನಿಜವಾಗಿ ಮರಳಿ ಪಡೆಯಲು 1965ರವರೆಗೆ, ಅಂದರೆ ಯುದ್ಧ ಮುಗಿದು ನೂರು ವರ್ಷ ಕಾಯಬೇಕಾಯಿತು. ಆ ಹೋರಾಟಕ್ಕೆ ಆಧಾರವಾಗಿ ಒದಗಿದ್ದು ಶಾಸಕರು ತಂದಿದ್ದ ಅದೇ ತಿದ್ದುಪಡಿಗಳು. ಬರೆದಿಟ್ಟ ಕಾನೂನು ಒಂದಲ್ಲ ಒಂದು ದಿನ ಕೆಲಸಕ್ಕೆ ಬಂದಿತು. ಮರಳಿ ಕೊಟ್ಟುಬಿಟ್ಟ ಆ 40 ಎಕರೆಗಳು ಮಾತ್ರ ಮತ್ತೆ ಬರಲಿಲ್ಲ.

ಈಗ ನಮ್ಮ ಊರಿಗೆ ಮರಳೋಣ. ಇಲ್ಲಿಯೂ ಮೊದಲ ಪ್ರಶ್ನೆ ಭೂಮಿಯದೇ ಆಗಿತ್ತು. ಕೊಪ್ಪಳ ಸೀಮೆ ಸಾಲಾರ್ ಜಂಗ್ ಮನೆತನದ ಜಹಗೀರು. ಉತ್ತವನು ಒಬ್ಬ, ಕಂದಾಯ ಎತ್ತುವವನು ದೂರದ ಹೈದರಾಬಾದಿನ ಹವೇಲಿಯವನು. 1949ರಲ್ಲಿ ಜಹಗೀರುಗಳು ರದ್ದಾದವು. 1950ರಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಬಂದಿತು. ಅಮೆರಿಕ ಮುಟ್ಟಲು ಹಿಂಜರಿದ ಭೂಮಿಯ ಪ್ರಶ್ನೆಯನ್ನು ಇಲ್ಲಿ ಎರಡೇ ವರ್ಷಗಳಲ್ಲಿ ಕೈಗೆತ್ತಿಕೊಂಡರೆಂಬುದು ಮೆಚ್ಚತಕ್ಕ ಮಾತು. ಆದರೆ ಈ ನಿರ್ಧಾರಗಳನ್ನು ಮಾಡಿದವರಾರು ಎಂಬುದನ್ನೂ ಗಮನಿಸಬೇಕು. ಮೊದಲು ಸೇನಾ ರಾಜ್ಯಪಾಲ ಜೆ.ಎನ್. ಚೌಧುರಿ, 1950ರಿಂದ ಕೇಂದ್ರ ನೇಮಿಸಿದ ಮುಖ್ಯಮಂತ್ರಿ ಎಂ.ಕೆ. ವೆಲ್ಲೋಡಿ. ನಿಜಾಮ 1956ರವರೆಗೂ ರಾಜಪ್ರಮುಖನೆಂಬ ಹೆಸರಿನಲ್ಲಿ ರಾಜ್ಯದ ಶಿರಸ್ಥಾನದಲ್ಲಿಯೇ ಇದ್ದ. ಜನ ಆರಿಸಿದ ಶಾಸನಸಭೆ ಇರಲಿಲ್ಲ. ಅಮೆರಿಕದಲ್ಲಿ ಅಧ್ಯಕ್ಷನಿಗೆ ಎದುರು ನಿಂತು ಕೇಳುವ ಶಾಸಕರಾದರೂ ಇದ್ದರು. ನಮ್ಮಲ್ಲಿ ಮೂರೂವರೆ ವರ್ಷ ಕೇಳಲು ಸಭೆಯೇ ಇರಲಿಲ್ಲ.

1952ರಲ್ಲಿ ಮೊದಲ ಚುನಾವಣೆ ನಡೆದಾಗ ಕುಷ್ಟಗಿ ಕ್ಷೇತ್ರದ ಮತದಾರರು ಲೋಕಸಭೆಗೆ ಆರಿಸಿದ್ದು ಮುಂಡರಗಿ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳನ್ನು, ಅದೂ ಪಕ್ಷೇತರರಾಗಿ. ಪೆಟ್ಟು ತಿಂದವರಿಗೆ ತಮ್ಮ ಬಾಯಿಂದಲೇ ಮಾತಾಡುವ ಹಕ್ಕು ಅಂದು ದೊರೆಯಿತು.

ಮರುವರ್ಷವೇ ಕೊಪ್ಪಳ ತಾಲ್ಲೂಕಿನ ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿಯಿತು. 1945ರಲ್ಲಿ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಜೊತೆಯಾಗಿ ಆರಂಭಿಸಿದ್ದ ಅಣೆಕಟ್ಟೆಯದು. ಪುನರ್ನಿರ್ಮಾಣವೆಂದರೆ ಹೀಗಿರಬೇಕು ಎನ್ನುವಂಥ ಕೆಲಸ. ಗಂಗಾವತಿ ಭತ್ತದ ಕಣಜವಾಯಿತು. ಆದರೆ ಅದೇ ನೀರಿಗಾಗಿ ಹಲವು ಹಳ್ಳಿಗಳು ಮುಳುಗಿದವು. ಎತ್ತರದಲ್ಲಿರುವ ಕುಷ್ಟಗಿ, ಯಲಬುರ್ಗಾಗಳ ಹೊಲಗಳು ಮಳೆಯನ್ನೇ ನೆಚ್ಚಿಕೊಂಡು ಉಳಿದವು. ಕಾಲುವೆಯ ಕೆಳಗೂ ಭೂಮಿಯನ್ನು ಸಮ ಮಾಡಿ ಗದ್ದೆ ಕಟ್ಟಲು ಹಣ ಬೇಕಾಗಿತ್ತು. ಹಣವಿಲ್ಲದ ಅನೇಕ ರೈತರು ಜಮೀನು ಮಾರಿದರು. ಆಂಧ್ರದ ಕರಾವಳಿಯಿಂದ ಬಂದ ಶ್ರಮಜೀವಿ ಕುಟುಂಬಗಳು ಕೊಂಡು, ಬೆವರು ಸುರಿಸಿ, ತಮ್ಮ ‘ಕ್ಯಾಂಪು’ಗಳನ್ನು ಕಟ್ಟಿಕೊಂಡವು. ಅದರಲ್ಲಿ ಅವರ ತಪ್ಪೇನೂ ಇಲ್ಲ. ನೀರು ತಂದ ಸರ್ಕಾರ, ನೀರನ್ನು ಬಳಸಿಕೊಳ್ಳುವ ಶಕ್ತಿಯನ್ನು ಸ್ಥಳೀಯ ಬಡ ರೈತನಿಗೆ ಒದಗಿಸಲಿಲ್ಲವೆಂಬುದಷ್ಟೇ ನೋವಿನ ಸಂಗತಿ.

1956ರ ನವೆಂಬರ್ 1ರಂದು ನಮ್ಮ ಸೀಮೆ ಕನ್ನಡ ರಾಜ್ಯದಲ್ಲಿ ಒಂದಾಯಿತು. ಸಂತೋಷದ ದಿನ. ಆದರೆ ಹಿಂದುಳಿದಿರುವಿಕೆ ಗಡಿರೇಖೆಯೊಂದಿಗೆ ಅಳಿಸಿಹೋಗಲಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114 ಹಿಂದುಳಿದಿವೆಯೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ 21 ಗುಲಬರ್ಗಾ ವಿಭಾಗದವೇ ಆಗಿದ್ದವು. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ, 2012ರ ಡಿಸೆಂಬರಿನಲ್ಲಿ ಸಂಸತ್ತು ಸಂವಿಧಾನದ 98ನೆಯ ತಿದ್ದುಪಡಿಯನ್ನು ಒಪ್ಪಿ 371(ಜೆ) ವಿಧಿಯನ್ನು ಸೇರಿಸಿತು. 1948ರಿಂದ ಲೆಕ್ಕ ಹಾಕಿದರೆ 64 ವರ್ಷ.

ಈ ವಿಧಿಯನ್ನು ಒಮ್ಮೆ ಗಮನವಿಟ್ಟು ನೋಡಿ. ರಾಷ್ಟ್ರಪತಿಗಳು ಆದೇಶದ ಮೂಲಕ ರಾಜ್ಯಪಾಲರಿಗೆ ನಮ್ಮ ಭಾಗದ ವಿಶೇಷ ಹೊಣೆ ಒಪ್ಪಿಸಬಹುದು. ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು. ಹಣದ ಹಂಚಿಕೆ ನ್ಯಾಯಸಮ್ಮತವಾಗಿರಬೇಕು. ಶಿಕ್ಷಣದಲ್ಲಿ, ಉದ್ಯೋಗದಲ್ಲಿ ಇಲ್ಲಿಯವರಿಗೆ ಮೀಸಲು ಇರಬೇಕು. ಜೊತೆಗೆ, ಮಂಡಳಿಯ ಕೆಲಸದ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು. ಜಾನ್ಸನ್ ಮತ್ತು ಶಾಸಕರು ಯಾವುದಕ್ಕಾಗಿ ಕಾದಾಡಿದರೋ ಅದನ್ನು ಇಲ್ಲಿ ಇಬ್ಬರಿಗೂ ಪಾಲು ಮಾಡಿ ಕೊಡಲಾಗಿದೆ: ಹೊಣೆ ರಾಜ್ಯದ ಮುಖ್ಯಸ್ಥರದು, ಕೇಳುವ ಹಕ್ಕು ಜನಪ್ರತಿನಿಧಿಗಳದು. ಇಬ್ಬರಲ್ಲಿ ಯಾರೊಬ್ಬರು ಸುಮ್ಮನಾದರೂ ವಿಧಿ ಕಾಗದದಲ್ಲಿ ಉಳಿಯುತ್ತದೆ. 1877ರ ನಂತರ ಅಮೆರಿಕದಲ್ಲಿ ಆದದ್ದು ಅದೇ ಅಲ್ಲವೇ?

ಹಾಗಾದರೆ ನಾವು ಮಾಡಬಹುದಾದದ್ದೇನು? ನಮ್ಮ ಶಾಸಕರು ಊರಿಗೆ ಬಂದಾಗ ಆ ವರ್ಷದ ವರದಿಯನ್ನು ಓದಿದ್ದೀರಾ, ನಮ್ಮ ತಾಲ್ಲೂಕಿನ ಹೆಸರು ಅದರಲ್ಲಿ ಎಲ್ಲಿದೆ ಎಂದು ವಿನಯದಿಂದಲೇ ಕೇಳಬಹುದು. ಓದುವ ವಯಸ್ಸಿನ ಮಕ್ಕಳಿಗೆ ಈ ವಿಧಿಯಡಿ ದೊರೆಯುವ ಅರ್ಹತಾ ಪ್ರಮಾಣಪತ್ರವನ್ನು ಮರೆಯದೆ ಮಾಡಿಸಬಹುದು. ಆ ಕಾಲದ ಕಥೆಗಳನ್ನು ಮನೆಯಲ್ಲಿ ಕೇಳಿ ಬೆಳೆದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ನಮ್ಮ ಕೇರಿಯವರ ಕಥೆಯಂತೆಯೇ ಪಕ್ಕದ ಕೇರಿಯವರ ಕಥೆಯನ್ನೂ ಕುಳಿತು ಕೇಳಬಹುದು. ಕಡತದಲ್ಲಿ ದಶಕಗಳ ಕಾಲ ಮುಚ್ಚಿಹೋಗಿದ್ದ ದುಃಖಕ್ಕೆ ನಾವು ಸಲ್ಲಿಸಬಹುದಾದ ಗೌರವ ಅದು.

ಎಡಿಸ್ಟೊ ದ್ವೀಪದ ಜನ ಸೇಡನ್ನು ಬೇಡಿರಲಿಲ್ಲ. ನಮ್ಮನ್ನು ಕೇಳದೆ ನಮ್ಮ ಪರವಾಗಿ ತೀರ್ಮಾನ ಮಾಡಬೇಡಿ, ದುಡಿದ ನೆಲದಿಂದ ನಮ್ಮನ್ನು ಎಬ್ಬಿಸಬೇಡಿ ಎಂದಷ್ಟೇ ಅವರು ಕೋರಿದ್ದರು. ಬರುವ ಸೆಪ್ಟೆಂಬರ್ 17ರಂದು ನಾವು ಎಂದಿನಂತೆ ಧ್ವಜಕ್ಕೆ ವಂದಿಸೋಣ. 18ರ ಬೆಳಿಗ್ಗೆ ಆ ಕೋರಿಕೆಯನ್ನು ನೆನಪಿಸಿಕೊಂಡು, ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಯಾರನ್ನು ಕೇಳುವುದು ಉಳಿದಿದೆ ಎಂದು ಒಂದು ಕ್ಷಣ ಯೋಚಿಸೋಣ.